ಕೆಚ್ಚಲಿನ ಗಾತ್ರಕ್ಕೆ ಮರುಳಾಗಬೇಡಿ

ಮೂರ್ನಾಡಿನ ಸುತ್ತಮುತ್ತ ಹಸು ಸಾಕುವುದು ಹಾಲು ಮಾರುವುದಕ್ಕಷ್ಟೇ ಅಲ್ಲ. ಕಾಫಿ ಗಿಡಕ್ಕೆ ಕೊಟ್ಟಿಗೆ ಗೊಬ್ಬರ, ಮನೆಗೆ ಒಂದಿಷ್ಟು ಹಾಲು, ವರ್ಷಕ್ಕೊಂದು ಗಟ್ಟಿ ಕರು ಬೇಕು. ನಾನು ಬೇಸಾಯಶಾಸ್ತ್ರದವನು. ಆದರೂ ಗೊಬ್ಬರದ ಲೆಕ್ಕ ಹಾಕಲು ಕೊಟ್ಟಿಗೆಗೆ ಹೋದಾಗಲೆಲ್ಲ ಒಂದೇ ತಪ್ಪನ್ನು ಕಾಣುತ್ತೇನೆ. ದೊಡ್ಡ ಕೆಚ್ಚಲು ಕಂಡರೆ ಸಾಕು, ನಮ್ಮವರು ಹಸುವಿಗೆ ಬೆಲೆ ಕಟ್ಟಿಬಿಡುತ್ತಾರೆ.

ಹೀಗೆ ಕೊಂಡ ಹಸುವೊಂದು ಮಳೆಗಾಲದ ಒಂದು ರಾತ್ರಿ ಕರು ಹಾಕಿತು. ಕೆಚ್ಚಲು ಜೋತುಬಿದ್ದಿತ್ತು, ಮೊಲೆಗಳು ದಪ್ಪವಾಗಿ ಊದಿದ್ದವು. ಕರುವಿನ ಬಾಯಿಗೆ ಮೊಲೆ ಸಿಗಲಿಲ್ಲ. ಬೆಳಗಾಗುವವರೆಗೆ ಗಿಣ್ಣುಹಾಲು ಕುಡಿಯದ ಆ ಕರು ನಾಲ್ಕನೆಯ ದಿನ ಸತ್ತಿತು. ಗಿಣ್ಣಿನಲ್ಲಿರುವ ರೋಗನಿರೋಧಕ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು.

ಅಮೆರಿಕದಲ್ಲಿ ಮಾಂಸದ ತಳಿಯ ಹಸುಗಳನ್ನು ಯಾರೂ ಹಿಂಡುವುದಿಲ್ಲ, ಹಾಲೆಲ್ಲ ಕರುವಿಗೆ. ಆದರೂ ಅಲ್ಲಿ ಕರು ಹಾಕಿದ 24 ಗಂಟೆಗಳೊಳಗೆ ಕೆಚ್ಚಲಿನ ಬಿಗಿಗೆ ಮತ್ತು ಮೊಲೆಯ ಗಾತ್ರಕ್ಕೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಬಿಗಿಯಾದ ಕೆಚ್ಚಲಿಗೆ, ಚಿಕ್ಕ ಮೊಲೆಗೆ 9 ಅಂಕ. ನಮ್ಮ ಅಮೃತಮಹಲ್ ಹೆಸರಾಗಿರುವುದೂ ಹಾಲಿಗಲ್ಲ, ಎತ್ತುಗಳಿಗೆ. ನಮ್ಮ ಮಲೆನಾಡು ಗಿಡ್ಡದ ಕೆಚ್ಚಲು ಪುಟ್ಟದು, ಆದರೆ ಕರು ಎದ್ದು ನಿಂತ ಕೂಡಲೇ ಅದಕ್ಕೆ ಮೊಲೆ ಸಿಗುತ್ತದೆ.

ಹಾಗಾದರೆ ನೋಡಬೇಕಾದ್ದೇನು? ಕೆಚ್ಚಲು ಹೊಟ್ಟೆಗೆ ಅಂಟಿದಂತಿರಬೇಕು. ಅದರ ತಳ ಹಿಂಗಾಲಿನ ಕೀಲಿಗಿಂತ ಮೇಲಿರಬೇಕು. ಜೋತುಬಿದ್ದ ಕೆಚ್ಚಲಿಗೆ ನಮ್ಮ ಮಳೆಗಾಲದ ಕೆಸರು ಮೆತ್ತಿ ಕೆಚ್ಚಲುಬಾವು ಬೇಗ ತಗಲುತ್ತದೆ. ನಾಲ್ಕು ಭಾಗಗಳೂ ಸಮನಾಗಿರಲಿ. ಮುಟ್ಟಿದರೆ ಗಂಟು, ಬಿಸಿ, ನೋವು ಇರಬಾರದು. ಪ್ರತಿ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದರೆ ಹೆಪ್ಪು, ನೀರು, ರಕ್ತ ಇದ್ದಲ್ಲಿ ಕಾಣುತ್ತದೆ.

ಸಂತೆಯಲ್ಲಿ ಕೆಲವರು ಒಂದು ಹೊತ್ತು ಹಿಂಡದೆ ಕೆಚ್ಚಲು ಉಬ್ಬಿಸಿ ತರುತ್ತಾರೆ. ಆದ್ದರಿಂದ ಮಾರುವವರ ಮನೆಗೇ ಹೋಗಿ, ಸಂಜೆ ಮತ್ತು ಮರುದಿನ ಬೆಳಿಗ್ಗೆ ಎರಡು ಹೊತ್ತೂ ಎದುರಿಗೇ ಹಿಂಡಿಸಿ ನೋಡಿ. ಹಿಂಡಿದ ಮೇಲೆ ಒಳ್ಳೆಯ ಕೆಚ್ಚಲು ಮೆತ್ತಗಾಗಿ ಕುಗ್ಗುತ್ತದೆ. ಹಾಗೆಯೇ ಗಟ್ಟಿಯಾಗಿ ಉಳಿದರೆ ಅದು ಮಾಂಸದ ಕೆಚ್ಚಲು, ಇಲ್ಲವೇ ಬಾವು ಬಂದು ಹೋದದ್ದು. ಹಸು ಸುಲಭವಾಗಿ ಸೊರೆ ಬಿಡುತ್ತದೆಯೇ ಎಂಬುದನ್ನೂ ಗಮನಿಸಿ.

ಹಿಂಡದ ಹಸುವಿನ ಹಾಲಿಗೆ ಕರುವೇ ಸಾಕ್ಷಿ. ಮೂರು ತಿಂಗಳ ಕರುವಿನ ಮೈ ಮಿರುಗುತ್ತಿದ್ದರೆ ತಾಯಿಗೆ ಹಾಲಿದೆ ಎಂದು ತಿಳಿಯಿರಿ. ಕರು ಬಡಕಲಾಗಿದ್ದರೆ ಜಂತುಹುಳು ಇದೆಯೇ ಎಂದು ಪಶುವೈದ್ಯರಿಗೆ ತೋರಿಸಿ, ಆಮೇಲೆ ತಾಯಿಯನ್ನು ದೂರಿರಿ.

ಕೆಚ್ಚಲಿನ ಗುಣ ಮಗಳಿಗೂ ಇಳಿಯುತ್ತದೆ. ಕಡಸನ್ನು ಉಳಿಸಿಕೊಳ್ಳುವ ಮೊದಲು ಅದರ ತಾಯಿಯ ಕೆಚ್ಚಲು ನೋಡಿ. ಹೋರಿಯನ್ನು ಆರಿಸುವಾಗಲೂ ಅದರ ತಾಯಿಯ ಕೆಚ್ಚಲು ಹೇಗಿತ್ತೆಂದು ವಿಚಾರಿಸಿ. ಪ್ರತಿ ಸೂಲಿನಲ್ಲೂ ಕರು ತಾನಾಗಿ ಮೊಲೆ ಹಿಡಿಯಿತೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವ ಹಸುವನ್ನು ಉಳಿಸಿಕೊಳ್ಳಬೇಕೆಂಬುದಕ್ಕೆ ಆ ಬರಹವೇ ದಾರಿ ತೋರಿಸುತ್ತದೆ.