ಡಬ್ಬಿ ಮೇಲಿನ ಹಸಿರು ಎಲೆ ನಂಬಬಹುದಾ?

ಹತ್ತು ವರ್ಷದ ಹಿಂದೆ ನಮ್ಮ ನಂಗಲಿ ಕಡೆ ನಾಯಿಗೆ ಟಾನಿಕ್ ಅಂದಿದ್ದರೆ ಜನ ನಗುತ್ತಿದ್ದರು. ಮಿಕ್ಕ ಮುದ್ದೆ, ಒಂದಿಷ್ಟು ಮಜ್ಜಿಗೆ, ಹಬ್ಬದ ದಿನ ಎರಡು ಮೂಳೆ. ಅಷ್ಟೇ ಅದರ ಊಟ. ಈಗ ಹಾಗಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಕ್ಕಳು ಲ್ಯಾಬ್ರಡಾರ್ ಮರಿ ತಂದು ಅಪ್ಪ ಅಮ್ಮನ ಹತ್ತಿರ ಬಿಟ್ಟು ಹೋಗುತ್ತಾರೆ. ಹಿಂದೆಯೇ ಕೊರಿಯರ್‌ನಲ್ಲಿ ಡಬ್ಬಿಗಳು ಬರುತ್ತವೆ. ಕೂದಲಿಗೊಂದು ಎಣ್ಣೆ, ಮೂಳೆಗೊಂದು ಪುಡಿ, ಲಿವರ್‌ಗೊಂದು ಸಿರಪ್. ಡಬ್ಬಿ ಮೇಲೆ ಹಸಿರು ಎಲೆ, ಪಕ್ಕದಲ್ಲಿ ‘ಆರ್ಗ್ಯಾನಿಕ್’ ಅನ್ನುವ ಪದ. ಆ ಒಂದು ಪದಕ್ಕೆ ರೇಟು ಜಾಸ್ತಿ.

ಕೊಡಬೇಕಾ, ಬೇಡವಾ? ನಮ್ಮ ಅಭಿಪ್ರಾಯ ಇಷ್ಟು: ಒಳಗಿನ ಪದಾರ್ಥ ನಿಜಕ್ಕೂ ಸಾವಯವ ಆಗಿದ್ದರೆ ಅದಕ್ಕೆ ಬೆಲೆ ಇದೆ. ಆದರೆ ಡಬ್ಬಿ ಮೇಲಿನ ಎಲೆಗೆ ಬೆಲೆ ಇಲ್ಲ. ಇವೆರಡೂ ಒಂದೇ ಅಂದುಕೊಂಡು ನಾವು ಮೋಸ ಹೋಗುತ್ತಿದ್ದೇವೆ.

ಪದಾರ್ಥ ಯಾಕೆ ಮುಖ್ಯ ಅಂತ ನಮ್ಮವರಿಗೆ ಯಾರೂ ಪಾಠ ಹೇಳಬೇಕಿಲ್ಲ. ವಡ್ಡಹಳ್ಳಿ ಮಂಡಿಗೆ ಟೊಮೆಟೊ ಹಾಕುವ ಯಾವ ರೈತನನ್ನಾದರೂ ಕೇಳಿ, ಒಂದು ಬೆಳೆಗೆ ಎಷ್ಟು ಸಲ ಔಷಧಿ ಹೊಡೆದೆ ಅಂತ. ಮನೆಗೆ ಬೇಕಾದ ಗಿಡಕ್ಕೆ ಮಾತ್ರ ಹೊಡೆಯದೆ ಬಿಡುವವರೂ ನಮ್ಮಲ್ಲಿದ್ದಾರೆ. ಅಂದರೆ ವಿಷಯ ನಮಗೆ ಗೊತ್ತು.

ಸಪ್ಲಿಮೆಂಟ್ ಪುಡಿಯಲ್ಲಿ ಇದು ಇನ್ನೂ ಮುಖ್ಯ. ನುಗ್ಗೆಸೊಪ್ಪನ್ನೇ ತಗೊಳ್ಳಿ. ನಾಲ್ಕೈದು ಕೆ.ಜಿ. ಹಸಿ ಸೊಪ್ಪು ಒಣಗಿದರೆ ಒಂದು ಕೆ.ಜಿ. ಪುಡಿ. ನೀರು ಹೋಗುತ್ತದೆ, ಆದರೆ ಸೊಪ್ಪಿಗೆ ಅಂಟಿದ ಔಷಧಿಯೆಲ್ಲ ನೀರಿನ ಜೊತೆ ಹೋಗುವುದಿಲ್ಲ. ನಾವು ಇವತ್ತು ಸೊಪ್ಪು, ನಾಳೆ ಕಾಳು ತಿನ್ನುತ್ತೇವೆ. ಹದಿನೈದು ಕೆ.ಜಿ. ತೂಕದ ನಾಯಿ ಮಾತ್ರ ಅದೇ ಡಬ್ಬಿಯ ಅದೇ ಪುಡಿಯನ್ನು ದಿನಾ ನೆಕ್ಕುತ್ತದೆ. ಹೊಟ್ಟೆಗೆ ಏನಾಯಿತು ಅಂತ ಹೇಳಲು ಅದಕ್ಕೆ ಬಾಯಿಲ್ಲ.

ಇಷ್ಟಾದರೂ ‘ಸಾವಯವ’ ಅನ್ನುವುದು ಬೆಳೆದ ರೀತಿಯನ್ನು ಹೇಳುತ್ತದೆಯೇ ಹೊರತು, ಕೊಯ್ದ ಮೇಲೆ ಹೇಗೆ ಒಣಗಿಸಿದರು, ಎಲ್ಲಿ ಇಟ್ಟರು ಅನ್ನುವುದನ್ನು ಹೇಳುವುದಿಲ್ಲ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿ ಹಳ್ಳಿಗಳಲ್ಲಿ ಅಕಾಲ ಮಳೆಗೆ ಮುಸುಕಿನ ಜೋಳ ನೆನೆದು ಬೂಷ್ಟು ಹಿಡಿಯಿತು. ಬಡವರು ಅದನ್ನೇ ತಿಂದರು. 397 ಜನಕ್ಕೆ ಕಾಮಾಲೆ ಬಂತು, 106 ಜನ ಸತ್ತರು. ಅದೇ ಮನೆಗಳಲ್ಲಿ ಅದೇ ಊಟ ತಿಂದ ನಾಯಿಗಳಿಗೂ ಅದೇ ರೋಗ ಬಂತು. ಕಾರಣ ಅಫ್ಲಾಟಾಕ್ಸಿನ್, ಬೂಷ್ಟಿನಿಂದ ಹುಟ್ಟುವ ವಿಷ. ಲಿವರನ್ನೇ ಹಾಳು ಮಾಡುತ್ತದೆ. ನಾಯಿಗಳಿಗಂತೂ ಇದು ಬೇಗ ತಗಲುತ್ತದೆ.

ಕಡ್ಲೆಕಾಯಿ ಬೆಳೆಯುವ ನಮ್ಮ ಕೋಲಾರ ಸೀಮೆಗೆ ಇದು ದೂರದ ಕಥೆ ಅಲ್ಲ. ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿಯಲ್ಲೂ ಇದೇ ವಿಷ ಇರುತ್ತದೆ. ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ಅದಕ್ಕೇ ಒಂದು ಕೆ.ಜಿ. ಹಾಲಿನಲ್ಲಿ ಇದು ಅರ್ಧ ಮೈಕ್ರೋಗ್ರಾಂ ಮೀರಬಾರದು ಅಂತ ನಮ್ಮ ದೇಶದ ಆಹಾರ ನಿಯಮವೇ ಇದೆ. ಗೊಬ್ಬರ, ಔಷಧಿ ಹಾಕದೆ ಬೆಳೆದ ಕಡ್ಲೆಕಾಯಿಯೂ ಒದ್ದೆ ಮೂಟೆಯಲ್ಲಿ ಬಿದ್ದರೆ ವಿಷವೇ.

ಇನ್ನೊಂದು ಮಾತು. ಗಿಡದಿಂದ ಬಂದದ್ದೆಲ್ಲ ನಾಯಿಗೆ ಒಗ್ಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಸಾವಯವ ದ್ರಾಕ್ಷಿ ಅಂತ ಅದರ ಕಿಡ್ನಿ ರಿಯಾಯಿತಿ ಕೊಡುವುದಿಲ್ಲ. ದೊಡ್ಡ ಜಾತಿಯ ಮರಿಗೆ ಡಾಕ್ಟರ್ ಹೇಳದೆ ಕ್ಯಾಲ್ಸಿಯಂ ಸುರಿದರೆ ಮೂಳೆ ಗಟ್ಟಿಯಾಗುವ ಬದಲು ಸೊಟ್ಟಗಾಗಬಹುದು.

ನಾವೂ ಈ ತಪ್ಪು ಮಾಡಿದವರೇ. ಹೋದ ವರ್ಷ ನಮ್ಮ ಮನೆ ನಾಯಿ ಸೊರಗಿತು. ಅಂಗಡಿಯವರು ಕೊಟ್ಟ ಎಲೆ ಗುರುತಿನ ಡಬ್ಬಿ ತಂದು ಎರಡು ತಿಂಗಳು ಹಾಕಿದೆವು. ಏನೂ ಆಗಲಿಲ್ಲ. ಕೊನೆಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಹೊಟ್ಟೆಯಲ್ಲಿ ಜಂತುಹುಳು. ಒಂದು ಮಾತ್ರೆಯಲ್ಲಿ ಮುಗಿಯುವ ಕೆಲಸ. ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದರೆ ‘ಗಿಡಮೂಲಿಕೆಗಳ ಮಿಶ್ರಣ’ ಅಂತ ಇತ್ತು. ಯಾವ ಗಿಡ, ಎಷ್ಟು ಗ್ರಾಂ, ಒಂದೂ ಇರಲಿಲ್ಲ. ಕೊಳ್ಳುವ ಮುಂಚೆ ಓದಬೇಕಾದ್ದನ್ನು ಆಮೇಲೆ ಓದಿದ್ದೆವು.

ಅದಕ್ಕೆ ಇನ್ನು ಮುಂದೆ ನಾವು ಕೇಳುವುದು ಮೂರೇ ಪ್ರಶ್ನೆ. ಒಂದು, ಒಳಗೆ ಏನೇನಿದೆ, ಎಷ್ಟೆಷ್ಟಿದೆ? ಎರಡು, ಸಾವಯವ ಅಂತ ಸರ್ಟಿಫಿಕೇಟ್ ಕೊಟ್ಟವರು ಯಾರು, ನಂಬರ್ ಎಲ್ಲಿ? ರಾಸಾಯನಿಕ ಬಿಟ್ಟ ಜಮೀನಿಗೆ ಪೂರ್ತಿ ಸಾವಯವ ಅನ್ನಿಸಿಕೊಳ್ಳಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟು ಕಷ್ಟಪಟ್ಟವರು ನಂಬರ್ ಮುಚ್ಚಿಡುವುದಿಲ್ಲ. ಮೂರು, ತಯಾರಾದ ದಿನ, ಬ್ಯಾಚ್ ನಂಬರ್ ಇದೆಯಾ? ಈ ಮೂರೂ ಇಲ್ಲದಿದ್ದರೆ ಎಲೆ ಎಷ್ಟೇ ಹಸಿರಾಗಿರಲಿ, ಡಬ್ಬಿ ಅಂಗಡಿಯಲ್ಲೇ ಇರಲಿ. ತೆರೆದಾಗ ಮುಗ್ಗಲು ವಾಸನೆ ಬಂದರೆ ವಾಪಸ್ ಕೊಡಿ. ತಗೊಳ್ಳದಿದ್ದರೆ ಎಸೆಯಿರಿ, ಹಸುವಿನ ಬಾನಿಗೆ ಮಾತ್ರ ಹಾಕಬೇಡಿ.

ಡಬ್ಬಿಗಿಂತ ಮೊದಲು ಜಂತಿನ ಮಾತ್ರೆ, ರೇಬಿಸ್ ಲಸಿಕೆ, ಹೊಟ್ಟೆ ತುಂಬ ಊಟ. ದನಕರು ಹುಷಾರಿಲ್ಲ ಅಂದರೆ 1962ಕ್ಕೆ ಫೋನ್ ಮಾಡಿ. ನಾಯಿ ಊಟಕ್ಕೆ ಈರುಳ್ಳಿ ಹಾಕದ ಸಾರು, ಮುದ್ದೆ, ಬೇಯಿಸಿದ ಮೊಟ್ಟೆ ನಮ್ಮ ಮನೆಗಳಲ್ಲೇ ಇದೆ. ಅದಕ್ಕೂ ಮೀರಿ ಏನಾದರೂ ಬೇಕಾ ಅನ್ನುವುದನ್ನು ಪಶು ವೈದ್ಯರು ಹೇಳಲಿ. ನಾಯಿಗೆ ಲೇಬಲ್ ಓದಲು ಬರುವುದಿಲ್ಲ, ಓದಬೇಕಾದವರು ನಾವೇ.