ಸ್ಟ್ರಕ್ಚರ್ಡ್ ಸೆಟ್ಲ್‌ಮೆಂಟ್ ಹಕ್ಕುಗಳ ಮಾರಾಟ ಮತ್ತು ನ್ಯಾಯಾಲಯದ ಮೇಲ್ವಿಚಾರಣೆ

ಅಪಘಾತ, ವೈದ್ಯಕೀಯ ನಿರ್ಲಕ್ಷ್ಯ ಮುಂತಾದವುಗಳಿಂದ ದೈಹಿಕ ಹಾನಿಗೊಳಗಾದವರಿಗೆ ಸಲ್ಲಬೇಕಾದ ಪರಿಹಾರಧನವನ್ನು ಒಂದೇ ಗಂಟಿನಲ್ಲಿ ಕೊಡದೆ ಹಲವು ವರ್ಷಗಳ ಕಂತುಗಳಲ್ಲಿ ಪಾವತಿಸುವ ಒಪ್ಪಂದವನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ಟ್ರಕ್ಚರ್ಡ್ ಸೆಟ್ಲ್‌ಮೆಂಟ್ ಎಂದು ಕರೆಯುತ್ತಾರೆ. ಈ ಕಂತುಗಳಿಗೆ 1982ರ ಕಾಯಿದೆಯು ಆದಾಯ ತೆರಿಗೆಯಿಂದ ಸ್ಪಷ್ಟ ವಿನಾಯಿತಿ ನೀಡಿತು. ಗಾಯಾಳುವಿನ ಕೈಯಲ್ಲಿ ಹಣ ಬೇಗನೆ ಕರಗಿಹೋಗದಿರಲಿ ಎಂಬುದು ಈ ಏರ್ಪಾಡಿನ ಆಶಯ.

== ಮಾರಾಟ ಮತ್ತು ಕಾನೂನು ==

ಮನೆಬಾಡಿಗೆ, ಸಾಲ, ಚಿಕಿತ್ಸೆಗಳ ಒತ್ತಡದಲ್ಲಿರುವವರಿಗೆ ಮುಂದಿನ ಕಂತುಗಳಿಗಿಂತ ಇಂದಿನ ನಗದೇ ಮುಖ್ಯವಾಗುತ್ತದೆ. ಫ್ಯಾಕ್ಟರಿಂಗ್ ಕಂಪನಿಗಳು ಭವಿಷ್ಯದ ಕಂತುಗಳ ಹಕ್ಕನ್ನು ಕಡಿಮೆ ಬೆಲೆಗೆ ಕೊಳ್ಳುತ್ತವೆ. ಇದನ್ನು ನಿಯಂತ್ರಿಸಲು 2002ರಲ್ಲಿ ಜಾರಿಗೆ ಬಂದ ಒಕ್ಕೂಟ ಕಾನೂನು (ತೆರಿಗೆ ಸಂಹಿತೆಯ 5891ನೇ ಕಲಮು), ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಹಕ್ಕು ಕೊಳ್ಳುವವರ ಮೇಲೆ ಶೇ. 40ರಷ್ಟು ಸುಂಕ ವಿಧಿಸುತ್ತದೆ. ಕಂತುಗಳ ಒಟ್ಟು ಮೊತ್ತಕ್ಕೂ ಕೊಟ್ಟ ಬೆಲೆಗೂ ಇರುವ ಅಂತರವೇ ಈ ಸುಂಕಕ್ಕೆ ಆಧಾರ. ಬೊಕ್ಕಸ ತುಂಬುವುದು ಇದರ ಗುರಿಯಲ್ಲ. ಕೊಳ್ಳುವವರನ್ನು ನ್ಯಾಯಾಲಯದ ಬಾಗಿಲಿಗೆ ಕರೆತರುವುದೇ ಗುರಿ.

ಅನುಮತಿ ನೀಡುವ ಮೊದಲು ನ್ಯಾಯಾಧೀಶರು, ಮಾರುವವನ ಹಾಗೂ ಅವನ ಅವಲಂಬಿತರ ಹಿತಕ್ಕೆ ಈ ವ್ಯವಹಾರ ಪೂರಕವೇ ಎಂಬುದನ್ನು ನಿರ್ಣಯಿಸಬೇಕು. ಆದರೆ 'ಹಿತ' ಎಂದರೇನೆಂದು ಒಕ್ಕೂಟ ಕಾನೂನು ವಿವರಿಸಿಲ್ಲ. ಬಹುತೇಕ ರಾಜ್ಯಗಳ ಕಾಯಿದೆಗಳು ಕಂತುಗಳ ಒಟ್ಟು ಮೊತ್ತ, ಇಂದಿನ ಮೌಲ್ಯ, ಕೈಗೆ ಬರುವ ನಿವ್ವಳ ಹಣ ಇವನ್ನು ಮಾರುವವನಿಗೆ ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕೆನ್ನುತ್ತವೆ. ಸ್ವತಂತ್ರ ತಜ್ಞರ ಸಲಹೆಯ ಪ್ರಸ್ತಾಪವೂ ಅವುಗಳಲ್ಲಿದೆ.

== ಮೇಲ್ವಿಚಾರಣೆಯ ಲೋಪಗಳು ==

ನ್ಯಾಯಾಲಯವೆಂದರೆ ಎರಡು ಪಕ್ಷಗಳ ವಾದ ಕೇಳುವ ಸ್ಥಳ. ಇಲ್ಲಿಯಾದರೋ ಮಾರುವವನಿಗೂ ಕೊಳ್ಳುವವನಿಗೂ ಅನುಮತಿಯೇ ಬೇಕು, ಎದುರು ಮಾತನಾಡುವವರಿಲ್ಲ. ನೋಟಿಸು ಪಡೆಯುವ ವಿಮಾ ಕಂಪನಿ ಸಾಮಾನ್ಯವಾಗಿ ಮೌನವಾಗಿರುತ್ತದೆ. ಹೀಗಾಗಿ ಪ್ರಶ್ನೆ ಕೇಳುವ ಹೊಣೆಯೆಲ್ಲ ನ್ಯಾಯಾಧೀಶರೊಬ್ಬರ ಮೇಲೆಯೇ ಬೀಳುತ್ತದೆ.

ಇದರ ಫಲವೇನೆಂಬುದು 2015ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಬಯಲಾಯಿತು. ಬಾಲ್ಟಿಮೋರ್‌ನ ಹಳೆಯ ಮನೆಗಳ ಬಣ್ಣದಲ್ಲಿದ್ದ ಸೀಸದ ವಿಷದಿಂದ ಬಾಲ್ಯದಲ್ಲೇ ಬುದ್ಧಿಶಕ್ತಿಗೆ ಪೆಟ್ಟುಬಿದ್ದ ಹಲವರು ತಮ್ಮ ಕಂತುಗಳನ್ನು ಮಾರಿದ್ದರು. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ವರದಿಯಂತೆ, ಒಬ್ಬ ಯುವತಿ ಸುಮಾರು 5,74,000 ಡಾಲರ್‌ಗಳ ಕಂತುಗಳನ್ನು 63,000 ಡಾಲರ್‌ಗಿಂತ ಕಡಿಮೆ ಹಣಕ್ಕೆ ಬಿಟ್ಟುಕೊಟ್ಟಿದ್ದಳು. ಅವುಗಳ ಅಂದಿನ ಮೌಲ್ಯವೇ ಸುಮಾರು 3,38,000 ಡಾಲರ್. ಅಂದರೆ ದೊರೆತದ್ದು ಅದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನೇ ಸೀಸ ಕುಗ್ಗಿಸಿದ್ದವರಿಗೆ ಲಿಖಿತ ವಿವರ ಎಷ್ಟರಮಟ್ಟಿಗೆ ರಕ್ಷಣೆಯಾದೀತು? 2016ರಲ್ಲಿ ಒಕ್ಕೂಟದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಸಂಬಂಧಪಟ್ಟ ಕಂಪನಿಯ ಮೇಲೆ ಮೊಕದ್ದಮೆ ಹೂಡಿ, 'ಸ್ವತಂತ್ರ' ಸಲಹೆಗಾರನಿಗೆ ಕಂಪನಿಯೇ ಹಣ ಕೊಡುತ್ತಿತ್ತೆಂದು ಆರೋಪಿಸಿತು. ಅದೇ ವರ್ಷ ಮೇರಿಲ್ಯಾಂಡ್ ತನ್ನ ಕಾನೂನನ್ನು ಬಿಗಿಗೊಳಿಸಿತು. ಇಂಥ ಕಂಪನಿಗಳು ರಾಜ್ಯದ ಅಟಾರ್ನಿ ಜನರಲ್ ಬಳಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಯಿತು.

== ಭಾರತದಲ್ಲಿ ==

ಭಾರತದಲ್ಲಿ ಇಂಥ ಮಾರುಕಟ್ಟೆ ಬೆಳೆದಿಲ್ಲವಾದರೂ ಸಮಸ್ಯೆ ಅಪರಿಚಿತವಲ್ಲ. ಕೇರಳದ ರಸ್ತೆ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ನೀಡಿದ, 1994ರಲ್ಲಿ ವರದಿಯಾದ ತೀರ್ಪಿನಂತೆ, ಅಪ್ರಾಪ್ತರ ಹಾಗೂ ಅನಕ್ಷರಸ್ಥರ ಮೋಟಾರು ಅಪಘಾತ ಪರಿಹಾರವನ್ನು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಡಲಾಗುತ್ತದೆ. ಅವಧಿಗೆ ಮುನ್ನ ಹಿಂಪಡೆಯಲು ನ್ಯಾಯಮಂಡಳಿಯ ಅನುಮತಿ ಬೇಕು. ಈ ನಿಯಮವನ್ನು ಯಾಂತ್ರಿಕವಾಗಿ ಅನ್ವಯಿಸಿ, ನಿಜವಾದ ಅಗತ್ಯವಿದ್ದವರಿಗೂ ಹಣ ತಡೆಹಿಡಿಯಬಾರದೆಂದು ಅದೇ ನ್ಯಾಯಾಲಯ 2012ರಲ್ಲಿ ಸ್ಪಷ್ಟಪಡಿಸಿತು.