ಎರಡು ಹೆಸರು, ಒಂದು ತೊಟ್ಟಿಲು

ತೊಟ್ಟಿಲ ಶಾಸ್ತ್ರಕ್ಕೆ ದಿನ ಗೊತ್ತಾಗಿದೆ. ಚೀಟಿಯಲ್ಲಿ ಮಾತ್ರ ಇನ್ನೂ ಎರಡು ಹೆಸರು. ಅತ್ತೆಯವರಿಗೆ ಇಳಾ ಇಷ್ಟ, ನಿಮಗೆ ಸಾನ್ವಿ. ಏನು ಮಾಡ್ತೀರಿ?

ಎರಡನ್ನೂ ನಾಲ್ಕು ದಿನ ಕೂಗಿ ನೋಡಿ. ಇಂಗ್ಲಿಷಿನಲ್ಲಿ ‘ಳ’ ಇಲ್ಲ. ಇಳಾ ಶಾಲೆಯಲ್ಲಿ ಇಲಾ ಆಗಿ, ಕೊನೆಗೆ ‘ಇಲಿ’ಯೂ ಆದಾಳು. ಸಾನ್ವಿ ಅಂದ್ರೆ ತರಗತಿಯಲ್ಲಿ ಮೂವರು ತಿರುಗಿ ನೋಡಿಯಾರು!

ಆತುರ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆದ್ರೆ ಯೋಚಿಸಿಯೇ ಬರೆಸಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಬೇಕು.

ಹಿರಿಯರ ಮನಸ್ಸೂ ನೋಯಬಾರದು. ಅವರ ಆಯ್ಕೆ ತೊಟ್ಟಿಲ ಹೆಸರಾಗಲಿ. ಒಂದೇ ಮಗುವಿಗೆ ಎರಡು ಹೆಸರು ನಮ್ಮಲ್ಲಿ ಹೊಸದೇನಲ್ಲ. ದಾಖಲೆಯ ಹೆಸರಿಗೆ ಮಾತ್ರ ಹೆತ್ತವಳ ಮಾತೇ ಕೊನೆಯದಾಗಲಿ. ಬಾಣಂತಿ ಅಂತ ಅವಳನ್ನು ಕೋಣೆಯಲ್ಲಿ ಕೂರಿಸಿ, ಹಜಾರದಲ್ಲಿ ತೀರ್ಮಾನ ಮಾಡೋದು ಬೇಡ.